ಹೈಬ್ರಿಡ್ ಕಾರಿನ ‘ಗೇರ್‌ಬಾಕ್ಸ್ ಹೋಯ್ತು’ ಅನ್ನೋ ಮುಂಚೆ ಇಷ್ಟು ನೋಡ್ಕೊಳ್ಳಿ

ಮೈಸೂರು: ಚಾಮುಂಡಿ ಬೆಟ್ಟದಿಂದ ಕಾರಲ್ಲಿ ಇಳೀತಾ ಇದ್ದೀರಿ. ಆಕ್ಸಿಲರೇಟರ್ ಮೇಲೆ ಕಾಲೇ ಇಲ್ಲ. ಅರ್ಧ ಬೆಟ್ಟ ಇಳಿಯೋಷ್ಟರಲ್ಲಿ ಇಂಜಿನ್ ಇದ್ದಕ್ಕಿದ್ದಂಗೆ ಜೋರಾಗಿ ಕೂಗೋಕೆ ಶುರು ಮಾಡುತ್ತೆ. ಹೊಸದಾಗಿ ಹೈಬ್ರಿಡ್ ತಗೊಂಡವರಿಗೆ ಎದೆ ಧಸಕ್ ಅನ್ನುತ್ತೆ. ಹದಿನೆಂಟು ಇಪ್ಪತ್ತು ಲಕ್ಷ ಸುರಿದು ತಂದ ಗಾಡಿ, ಗೇರ್‌ಬಾಕ್ಸೇ ಹೋಯ್ತಾ ಅಂತ.

ಹೋಗಿಲ್ಲ. ಅದು ಗಾಡಿ ಮಾಡಬೇಕಾದ ಕೆಲಸವನ್ನೇ ಮಾಡ್ತಾ ಇದೆ. ಯಾಕೆ ಅಂತ ಕೆಳಗೆ ಹೇಳ್ತೀವಿ. ಆದ್ರೆ ಇದರ ಉಲ್ಟಾ ಕೂಡ ಆಗುತ್ತೆ. ನಿಜವಾಗಿ ಕೆಟ್ಟಿರೋ ಸದ್ದನ್ನ ‘ಹೈಬ್ರಿಡ್ ಅಂದ್ರೆ ಹಂಗೇ ಕಣ್ರೀ’ ಅಂತ ತಳ್ಳಿಹಾಕಿ, ವಾರಂಟಿ ಮುಗಿದ ಮೇಲೆ ತಲೆ ಮೇಲೆ ಕೈ ಹೊತ್ತು ಕೂರೋದು. ಕೆಎ-09, ಕೆಎ-55 ನಂಬರಿನ ಹೈರೈಡರ್, ಗ್ರ್ಯಾಂಡ್ ವಿಟಾರಾ, ಹೈಕ್ರಾಸ್‌ಗಳು ಈಗ ಊರಲ್ಲಿ ಎಲ್ಲಿ ನೋಡಿದ್ರೂ ಕಾಣಿಸ್ತಿವೆ. ಅಂಗಡಿಯವರು ಮನೆ ಬಳಕೆಗೆ ತಗೊಂಡಿದ್ದಾರೆ, ಟ್ರಾವೆಲ್ಸ್‌ನವರು ಬಾಡಿಗೆಗೆ ಓಡಿಸ್ತಿದ್ದಾರೆ. ಮೊದಮೊದಲು ಬಂದ ಗಾಡಿಗಳ ಮೂಲ ವಾರಂಟಿ ಮುಗಿಯೋ ಕಾಲ ಇದು. ಹಾಗಾಗಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅನ್ನೋದು ಗೊತ್ತಿರೋದು ಒಳ್ಳೇದು.

ನಿಮ್ಮದು ಯಾವ ಹೈಬ್ರಿಡ್?

ಮೊದಲು ಇದನ್ನ ತಿಳ್ಕೊಳ್ಳಿ. ಹಿಂದೆ ‘ಹೈಬ್ರಿಡ್’ ಅಂತ ಬರೆದಿರೋ ಗಾಡಿ ಎಲ್ಲಾ ಒಂದೇ ಅಲ್ಲ. ಎರ್ಟಿಗಾ, ಸಿಯಾಜ್ ಥರದ ‘ಸ್ಮಾರ್ಟ್ ಹೈಬ್ರಿಡ್’ಗಳು ಮೈಲ್ಡ್ ಹೈಬ್ರಿಡ್. ಅವುಗಳಲ್ಲಿ ಇರೋದು ಮಾಮೂಲಿ ಕ್ಲಚ್ಚಿನ ಮ್ಯಾನುಯಲ್ ಗೇರ್‌ಬಾಕ್ಸು, ಇಲ್ಲಾಂದ್ರೆ ಮಾಮೂಲಿ ಆಟೋಮ್ಯಾಟಿಕ್. ಅದರ ರಿಪೇರಿ ನಮ್ಮೂರಿನ ಅನುಭವಸ್ಥ ಮೆಕ್ಯಾನಿಕ್‌ಗಳಿಗೆ ಗೊತ್ತಿರೋದೇ. ಕ್ಲಚ್ ಜಾರಿದ್ರೆ ಕ್ಲಚ್, ಗೇರ್ ಬೀಳದಿದ್ರೆ ಗೇರ್.

ಸ್ಟ್ರಾಂಗ್ ಹೈಬ್ರಿಡ್ ಬೇರೆ ಜಾತಿ. ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್ ಮಾಡೆಲ್, ಇನ್ನೋವಾ ಹೈಕ್ರಾಸ್ ಹೈಬ್ರಿಡ್, ಅದರದ್ದೇ ತಮ್ಮ ಮಾರುತಿ ಇನ್‌ವಿಕ್ಟೋ, ಹೋಂಡಾ ಸಿಟಿ ಇ:ಎಚ್‌ಇವಿ, ಕ್ಯಾಮ್ರಿ ಇವೆಲ್ಲ ಈ ಗುಂಪು. ಗೊಂದಲ ಆಗೋದು ಎಲ್ಲಿ ಅಂದ್ರೆ, ಗ್ರ್ಯಾಂಡ್ ವಿಟಾರಾ, ಹೈರೈಡರ್ ಎರಡೂ ಮೈಲ್ಡ್‌ನಲ್ಲೂ ಬರ್ತವೆ, ಸ್ಟ್ರಾಂಗ್‌ನಲ್ಲೂ ಬರ್ತವೆ. ಹೊರಗಿಂದ ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ. ಒಳಗಿನ ಗೇರ್‌ಬಾಕ್ಸ್ ಪೂರ್ತಿ ಬೇರೆ. ನಿಮ್ಮ ಗಾಡಿ ಸ್ಟಾರ್ಟ್ ಬಟನ್ ಒತ್ತಿದಾಗ ಇಂಜಿನ್ ಸದ್ದಿಲ್ಲದೆ ಬರೀ ‘ರೆಡಿ’ ಅಂತ ದೀಪ ಬಂದು, ಸದ್ದೇ ಇಲ್ಲದೆ ಮುಂದಕ್ಕೆ ಹೋಗುತ್ತಾ? ಹಾಗಾದ್ರೆ ಅದು ಸ್ಟ್ರಾಂಗ್. ಇಲ್ಲಿಂದ ಮುಂದೆ ಹೇಳೋದೆಲ್ಲ ಅದರ ಬಗ್ಗೆ.

ಒಳಗೆ ಗೇರ್ ಇದೆಯಾ?

ಇದೆ, ಆದ್ರೆ ಒಂದು ಎರಡು ಮೂರು ಅಂತ ಬದಲಾಗೋ ಗೇರ್ ಇಲ್ಲ. ಟೊಯೋಟಾ ಪದ್ಧತಿಯಲ್ಲಿ (ಮಾರುತಿ ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲೂ ಇದೇ) ಒಂದೇ ಡಬ್ಬದೊಳಗೆ ಎರಡು ಎಲೆಕ್ಟ್ರಿಕ್ ಮೋಟರ್ ಮತ್ತು ಒಂದು ಗ್ರಹಗತಿ ಗೇರ್ ಸೆಟ್ ಇರುತ್ತೆ. ನಡುವೆ ಒಂದು ಗೇರ್, ಅದರ ಸುತ್ತ ಸುತ್ತೋ ಚಿಕ್ಕ ಗೇರ್‌ಗಳು, ಹೊರಗೆ ಒಂದು ಬಳೆ ಥರದ ಗೇರ್. ಸೂರ್ಯನ ಸುತ್ತ ಗ್ರಹ ಸುತ್ತೋ ಥರ. ಒಂದು ಮೋಟರ್ ಇಂಜಿನ್ನನ್ನ ಸ್ಟಾರ್ಟ್ ಮಾಡುತ್ತೆ, ಕರೆಂಟ್ ಉತ್ಪಾದಿಸುತ್ತೆ. ಇನ್ನೊಂದು ಚಕ್ರ ತಿರುಗಿಸುತ್ತೆ, ಬ್ರೇಕ್ ಹಾಕಿದಾಗ ವಾಪಸ್ ಕರೆಂಟ್ ಮಾಡುತ್ತೆ. ಯಾವ ಮೋಟರ್ ಎಷ್ಟು ತಿರುಗಬೇಕು ಅಂತ ಕಂಪ್ಯೂಟರ್ ತೀರ್ಮಾನ ಮಾಡುತ್ತೆ. ಇದನ್ನೇ ಇ-ಸಿವಿಟಿ ಅನ್ನೋದು. ಕ್ಲಚ್ ಪ್ಲೇಟ್ ಇಲ್ಲ, ಬೆಲ್ಟ್ ಇಲ್ಲ, ಟಾರ್ಕ್ ಕನ್ವರ್ಟರ್ ಇಲ್ಲ. ರಿವರ್ಸ್‌ಗೆ ಬೇರೆ ಗೇರೂ ಇಲ್ಲ. ಮೋಟರ್ ಹಿಮ್ಮುಖ ತಿರುಗುತ್ತೆ, ಅಷ್ಟೇ.

ಹೋಂಡಾ ಸಿಟಿಯದ್ದು ಸ್ವಲ್ಪ ಬೇರೆ. ಊರೊಳಗೆ ಇಂಜಿನ್ ಬರೀ ಕರೆಂಟ್ ಮಾಡುತ್ತೆ, ಮೋಟರ್ ಚಕ್ರ ತಿರುಗಿಸುತ್ತೆ. ಹೈವೇನಲ್ಲಿ ಒಂದು ಕ್ಲಚ್ ಲಾಕ್ ಆಗಿ ಇಂಜಿನ್ ನೇರವಾಗಿ ಚಕ್ರಕ್ಕೆ ಜೋಡಿಸ್ಕೊಳ್ಳುತ್ತೆ.

ಹಾಗಾಗಿ ‘ಕ್ಲಚ್ ಸುಟ್ಟಿದೆ’, ‘ಬೆಲ್ಟ್ ಸವೆದಿದೆ’ ಅಂತ ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್‌ಗೆ ಯಾರಾದ್ರೂ ಎಸ್ಟಿಮೇಟ್ ಕೊಟ್ರೆ, ದಯವಿಟ್ಟು ಕೀ ವಾಪಸ್ ಇಸ್ಕೊಂಡು ಬನ್ನಿ. ಅದರಲ್ಲಿ ಅವು ಇಲ್ಲವೇ ಇಲ್ಲ.

ಅಂದ ಹಾಗೆ ಇದು ಜಪಾನಿನಿಂದ ಹಡಗಲ್ಲಿ ಬರೋ ದೂರದ ವಿದ್ಯೆ ಅಂತ ಅಂದ್ಕೊಂಡಿದ್ರೆ, ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾ ಎರಡನ್ನೂ ತಯಾರಿಸೋಕೆ ಶುರು ಮಾಡಿದ್ದು ನಾವು ಬೆಂಗಳೂರಿಗೆ ಹೋಗೋ ದಾರಿಯಲ್ಲೇ ಇರೋ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ. ವಿದ್ಯುತ್ ಪವರ್‌ಟ್ರೈನ್ ಭಾಗಗಳನ್ನ ಇಲ್ಲೇ ಮಾಡೋಕೆ ಟೊಯೋಟಾ ಗುಂಪಿನ ಕಂಪನಿಗಳು 2022ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರದ ಜೊತೆ ಒಪ್ಪಂದ ಮಾಡ್ಕೊಂಡಿದ್ವು.

ಹೆದರಬೇಕಿಲ್ಲದ ಸದ್ದು

ಈಗ ಬೆಟ್ಟದ ವಿಷಯ. ಇಳಿಜಾರಲ್ಲಿ ಮೋಟರ್ ಕರೆಂಟ್ ಮಾಡಿ ಬ್ಯಾಟರಿಗೆ ತುಂಬುತ್ತೆ. ಹೈರೈಡರ್ ಬ್ಯಾಟರಿ 0.76 ಕಿಲೋವ್ಯಾಟ್ ಅವರ್, ಅಂದ್ರೆ ನಮ್ಮ ಸೆಸ್ಕ್ ಬಿಲ್ಲಿನ ಲೆಕ್ಕದಲ್ಲಿ ಪೂರ್ತಿ ಒಂದು ಯೂನಿಟ್ಟೂ ಇಲ್ಲ. ಜನ ಕೂತು ಒಂದೂವರೆ ಟನ್ ದಾಟಿದ ಗಾಡಿ 250 ಮೀಟರ್ ಎತ್ತರ ಇಳಿದ್ರೆ ಲೆಕ್ಕದ ಪ್ರಕಾರ ಒಂದು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಶಕ್ತಿ ಬಿಡುಗಡೆ ಆಗುತ್ತೆ. ಎಲ್ಲವೂ ಬ್ಯಾಟರಿಗೆ ಹೋಗಲ್ಲ ಅನ್ನೋದು ನಿಜ. ಆದ್ರೂ ಮೊದಲೇ ಮುಕ್ಕಾಲು ತುಂಬಿರೋ ಬ್ಯಾಟರಿಗೆ ಜಾಗ ಸಾಲಲ್ಲ. ಆಗ ಗಾಡಿ ಉಳಿದ ಶಕ್ತಿಯನ್ನ ಇಂಜಿನ್ ತಿರುಗಿಸಿ ಖರ್ಚು ಮಾಡುತ್ತೆ. ಪೆಟ್ರೋಲ್ ಉರಿಯಲ್ಲ, ಸದ್ದು ಮಾತ್ರ ಬರುತ್ತೆ. ಲಿವರ್ ‘ಬಿ’ನಲ್ಲಿ ಇಟ್ಟಿದ್ರೆ ಈ ಸದ್ದು ಇನ್ನೂ ಬೇಗ ಬರುತ್ತೆ. ಊಟಿಯಿಂದ ಗೂಡಲೂರು ಕಡೆ ಇಳಿಯುವಾಗ ಉದ್ದಕ್ಕೂ ಇದೇ ಸಂಗೀತ. ಸದ್ದಿಗೆ ಹೆದರಿ ‘ಎನ್’ಗೆ ಹಾಕೋದು ಮಾತ್ರ ಮಾಡಬೇಡಿ. ಆಗ ಇಂಜಿನ್ ಹಿಡಿತವೂ ಇಲ್ಲ, ಮೋಟರ್ ಹಿಡಿತವೂ ಇಲ್ಲ. ಬ್ರೇಕ್ ಒಂದೇ ಕಾದು ಕೆಂಪಾಗುತ್ತೆ.

ಓವರ್‌ಟೇಕ್ ಮಾಡೋಕೆ ಪೂರ್ತಿ ಒತ್ತಿದಾಗ ಇಂಜಿನ್ ಮೊದಲು ಕೂಗಿ, ಸ್ಪೀಡ್ ಆಮೇಲೆ ನಿಧಾನಕ್ಕೆ ಏರೋದೂ ಮಾಮೂಲು. ಮ್ಯಾನುಯಲ್ ಓಡಿಸಿ ಅಭ್ಯಾಸ ಇರೋರಿಗೆ ಕ್ಲಚ್ ಜಾರಿದಂಗೆ ಅನ್ನಿಸುತ್ತೆ. ಬ್ರೇಕ್ ಹಾಕುವಾಗ ಮೆಟ್ರೋ ರೈಲಿನ ಥರ ಸಣ್ಣ ಕುಂಯ್, ಆನ್ ಮಾಡಿದಾಗ ಟಕ್ ಅನ್ನೋ ರಿಲೇ ಸದ್ದು, ಹಿಂದಿನ ಸೀಟಿನ ಹತ್ರ ಫ್ಯಾನ್ ಸದ್ದು, ಇವೆಲ್ಲ ಇರೋದೇ. ಹೈರೈಡರ್, ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್‌ನಲ್ಲಿ ಮೂರು ಸಿಲಿಂಡರ್ ಇಂಜಿನ್ ಇರೋದ್ರಿಂದ ಅದು ಶುರು ಆಗುವಾಗ ಸಣ್ಣ ನಡುಕ ಕೂಡ ಇದ್ದದ್ದೇ.

ಗೇರ್‌ಬಾಕ್ಸ್ ಅಂತ ಅನ್ಸುತ್ತೆ, ಆದ್ರೆ ಅಲ್ಲ

ನಮ್ಮ ಪರಿಚಯದ ಟ್ರಾವೆಲ್ಸ್ ಮಾಲೀಕರೊಬ್ಬರ ಗಾಡಿ ಬೆಳಗಿನ ಜಾವ ಏರ್‌ಪೋರ್ಟ್ ಡ್ರಾಪ್‌ಗೆ ಹೊರಡೋ ಹೊತ್ತಿಗೆ ಗೇರೇ ತಗೊಳ್ಳಲಿಲ್ಲ. ಡಿಸ್‌ಪ್ಲೇ ತುಂಬಾ ವಾರ್ನಿಂಗ್. ನೋಡೋಕೆ ಬಂದ ಮೆಕ್ಯಾನಿಕ್ ‘ಗೇರ್‌ಬಾಕ್ಸ್ ಇಳಿಸಬೇಕು ಸಾರ್, ಲಕ್ಷದ ಮೇಲೆ’ ಅಂದ್ರಂತೆ. ಬಾಡಿಗೆ ಬೇರೆಯವರಿಗೆ ಕೊಟ್ಟು, ಎರಡು ದಿನ ಗಾಡಿ ನಿಲ್ಲಿಸಿ, ಕೊನೆಗೆ ನೋಡಿದ್ರೆ ಸತ್ತಿದ್ದು 12 ವೋಲ್ಟಿನ ಚಿಕ್ಕ ಬ್ಯಾಟರಿ.

ಇದು ತುಂಬಾ ಸಾಮಾನ್ಯ. ದೊಡ್ಡ ಬ್ಯಾಟರಿ ಎಷ್ಟೇ ಚೆನ್ನಾಗಿದ್ರೂ ಕಂಪ್ಯೂಟರ್‌ಗಳು ಎದ್ದೇಳೋದು ಈ 12 ವೋಲ್ಟ್ ಬ್ಯಾಟರಿಯಿಂದ. ಅದು ವೀಕ್ ಆದ್ರೆ ‘ರೆಡಿ’ ದೀಪ ಬರಲ್ಲ. ‘ರೆಡಿ’ ಬರದೆ ‘ಡಿ’ ಬೀಳಲ್ಲ. ಒಂದೆರಡು ವಾರ ಗಾಡಿ ಶೆಡ್ಡಲ್ಲೇ ನಿಂತಿದ್ರೆ ಮೊದಲು ಅನುಮಾನ ಇದರ ಮೇಲೆ ಬರಲಿ. ಇನ್ನೊಂದು ಮಾತು: ಬೇರೆಯವರ ಗಾಡಿ ಸ್ಟಾರ್ಟ್ ಮಾಡೋಕೆ ನಿಮ್ಮ ಹೈಬ್ರಿಡ್‌ನಿಂದ ಜಂಪ್ ಕೊಡಬೇಡಿ. ನಿಮ್ಮದಕ್ಕೆ ಜಂಪ್ ತಗೊಳ್ಳೋದಾದ್ರೂ ಎಲ್ಲಿಗೆ ಕ್ಲಿಪ್ ಹಾಕಬೇಕು ಅಂತ ಮ್ಯಾನುಯಲ್ ನೋಡಿ. ಪ್ಲಸ್ ಮೈನಸ್ ಉಲ್ಟಾ ಆದ್ರೆ ಆಮೇಲೆ ನಿಜವಾಗಿಯೂ ಲಕ್ಷದ ಮಾತು.

ಪೆಟ್ರೋಲ್ ಖಾಲಿ ಆದಾಗಲೂ ಇದೇ ನಾಟಕ. ಇಂಜಿನ್ ನಿಂತ ಮೇಲೂ ಗಾಡಿ ಸ್ವಲ್ಪ ದೂರ ಬ್ಯಾಟರಿಯಲ್ಲಿ ಹೋಗುತ್ತೆ, ಆಮೇಲೆ ಹೈಬ್ರಿಡ್ ವಾರ್ನಿಂಗ್ ಕೊಟ್ಟು ನಿಲ್ಲುತ್ತೆ. ಇಂಥ ಗಾಡಿಯನ್ನ ಖಾಲಿ ಟ್ಯಾಂಕಲ್ಲಿ ‘ಬ್ಯಾಟರಿ ಇದೆಯಲ್ಲ, ಬಂಕ್‌ವರೆಗೆ ಹೋಗುತ್ತೆ’ ಅಂತ ಎಳೀಬೇಡಿ. ದೊಡ್ಡ ಬ್ಯಾಟರಿ ಪೂರ್ತಿ ಬರಿದಾದ್ರೆ ಇಂಜಿನ್ ಸ್ಟಾರ್ಟ್ ಮಾಡೋಕೂ ಶಕ್ತಿ ಇರಲ್ಲ. ಇದರಲ್ಲಿ ಸ್ಟಾರ್ಟರ್ ಕೆಲಸ ಮಾಡೋದೂ ಅದೇ ಬ್ಯಾಟರಿಯ ಕರೆಂಟು.

ಸಿಗ್ನಲ್ಲಲ್ಲಿ, ಹೈವೇ ಟೋಲಲ್ಲಿ ‘ಎನ್’ಗೆ ಹಾಕೋ ಅಭ್ಯಾಸ ಹಳೇ ಡ್ರೈವರ್‌ಗಳಿಗೆ ರಕ್ತದಲ್ಲಿ ಬಂದಿರುತ್ತೆ. ಹೈಬ್ರಿಡ್‌ನಲ್ಲಿ ‘ಎನ್’ನಲ್ಲಿ ಇದ್ದಾಗ ದೊಡ್ಡ ಬ್ಯಾಟರಿ ಚಾರ್ಜ್ ಆಗಲ್ಲ. ದಸರಾ ಟ್ರಾಫಿಕ್ಕಲ್ಲಿ ಎಸಿ ಹಾಕ್ಕೊಂಡು ಅರ್ಧ ಗಂಟೆ ‘ಎನ್’ನಲ್ಲೇ ನಿಂತ್ರೆ ಬ್ಯಾಟರಿ ಇಳಿದು ವಾರ್ನಿಂಗ್ ಬರುತ್ತೆ. ಡಿ-ಯಲ್ಲಿ ಬ್ರೇಕ್ ಒತ್ತಿ ನಿಲ್ಲಿ, ತುಂಬಾ ಹೊತ್ತು ಅಂದ್ರೆ ಪಿ-ಗೆ ಹಾಕಿ.

ಏರಿನಲ್ಲಿ ಸಾಲು ನಿಂತಾಗ ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿ ಗಾಡಿಯನ್ನ ತಡೆದು ನಿಲ್ಲಿಸೋದು ಇನ್ನೊಂದು ಕೆಟ್ಟ ಚಾಳಿ. ಮೋಟರ್ ತಿರುಗದೆ ಬಿಸಿ ಮಾತ್ರ ಆಗುತ್ತೆ. ‘ಹೈಬ್ರಿಡ್ ಸಿಸ್ಟಂ ಓವರ್‌ಹೀಟ್’ ಅಂತ ಬಂದು ಶಕ್ತಿ ಕಡಿಮೆ ಆಗುತ್ತೆ. ಪಕ್ಕಕ್ಕೆ ನಿಲ್ಲಿಸಿ ತಣ್ಣಗಾಗೋಕೆ ಬಿಟ್ರೆ ಸರಿ ಹೋಗಬಹುದು. ಆದ್ರೆ ಸಮತಟ್ಟು ರಸ್ತೆಯಲ್ಲಿ ಮಾಮೂಲಿ ಓಡಿಸುವಾಗಲೂ ಇದು ಬಂದ್ರೆ, ಇನ್ವರ್ಟರಿನ ಕೂಲೆಂಟ್ ಕಡಿಮೆ ಆಗಿರಬಹುದು, ಅದರ ಪಂಪ್ ನಿಂತಿರಬಹುದು. ಹೈಬ್ರಿಡ್ ಬ್ಯಾಟರಿಗೆ ಗಾಳಿ ಹೋಗೋ ಕಿಂಡಿಯನ್ನೂ ನೋಡಿ. ಬಹಳ ಗಾಡಿಗಳಲ್ಲಿ ಅದು ಹಿಂದಿನ ಸೀಟಿನ ಹತ್ರ ಇರುತ್ತೆ. ಅಂಗಡಿ ಸಾಮಾನು, ಅಕ್ಕಿ ಚೀಲ, ಬಟ್ಟೆ ಬಂಡಲ್ ಅದಕ್ಕೆ ಅಡ್ಡ ಇಟ್ಟು ಓಡಿಸೋರು ನಮ್ಮಲ್ಲಿ ಕಡಿಮೆ ಇಲ್ಲ.

ಇವಕ್ಕೆ ಮಾತ್ರ ಹೆದರಿ

ಇಂಜಿನ್ ಆಫ್ ಆಗಿ ಬರೀ ಮೋಟರಲ್ಲಿ ಹೋಗುವಾಗ ಕಿಟಕಿ ಇಳಿಸಿ, ಎಫ್‌ಎಂ ಆಫ್ ಮಾಡಿ ಕೇಳಿ. ಸ್ಪೀಡ್ ಏರಿದಂಗೆ ಏರೋ, ವಾರದಿಂದ ವಾರಕ್ಕೆ ಜೋರಾಗ್ತಾ ಹೋಗೋ ಗುಂಯ್‌ಗುಡುವ ಅಥವಾ ತಿಕ್ಕೋ ಸದ್ದು ಇದ್ರೆ ಒಳಗಿನ ಬೇರಿಂಗ್ ಇರಬಹುದು. ಚಕ್ರದ ಬೇರಿಂಗೂ ಇಂಥದ್ದೇ ಸದ್ದು ಮಾಡೋದ್ರಿಂದ ಗಾಡಿ ಲಿಫ್ಟಿಗೆ ಹಾಕಿಸಿ ಅದನ್ನ ಮೊದಲು ಬೇರ್ಪಡಿಸಿ ನೋಡಲಿ.

ಇಂಜಿನ್ ಶುರು ಆಗೋವಾಗ ಅಥವಾ ನಿಲ್ಲೋವಾಗ ಪ್ರತಿ ಸಲ ಡಬಡಬ ಹೊಡೆತ ಇದ್ರೆ, ಇಂಜಿನ್ನಿಗೂ ಡಬ್ಬಕ್ಕೂ ನಡುವೆ ಇರೋ ಸ್ಪ್ರಿಂಗಿನ ಡ್ಯಾಂಪರ್ ಸವೆದಿರಬಹುದು. ಇಂಜಿನ್ ಮೌಂಟೂ ಆಗಿರಬಹುದು. ಮೂರು ಸಿಲಿಂಡರಿನ ನಡುಕಕ್ಕೂ ಇದಕ್ಕೂ ವ್ಯತ್ಯಾಸ ಏನು ಅಂತ ಕೇಳಿದ್ರೆ, ಮೊದಲ ದಿನದಿಂದ ಒಂದೇ ಥರ ಇದ್ರೆ ಅದು ಸ್ವಭಾವ, ಇತ್ತೀಚೆಗೆ ಶುರು ಆಗಿದ್ರೆ ಕಾಯಿಲೆ.

ಗಾಡಿ ನಿಂತ ಜಾಗದಲ್ಲಿ ನೆಲ ನೋಡಿ. ಎಸಿ ನೀರು ಬೀಳೋದು ಸರಿ. ಕೆಂಪು ಅಥವಾ ಗುಲಾಬಿ ಹನಿ ಇದ್ರೆ ಬಿಳಿ ಪೇಪರ್ ಮೇಲೆ ಒತ್ತಿ. ಟೊಯೋಟಾದಲ್ಲಿ ಕೂಲೆಂಟೂ ಗುಲಾಬಿ, ಗೇರ್‌ಬಾಕ್ಸ್ ಆಯಿಲ್ಲೂ ಕೆಂಪು ಬಣ್ಣದ್ದೇ ಇರುತ್ತೆ. ಬೆರಳಲ್ಲಿ ಜಿಡ್ಡು ಅಂಟಿದ್ರೆ ಆಯಿಲ್, ನೀರಿನಂಗಿದ್ರೆ ಕೂಲೆಂಟ್. ಎರಡೂ ಕೆಟ್ಟದ್ದೇ, ಹೋಗಬೇಕಾದ ದಾರಿ ಬೇರೆ.

ಪಿ-ಗೆ ಹಾಕಿದ ಮೇಲೂ ಗಾಡಿ ಉರುಳಿದ್ರೆ, ಆಕ್ಸಿಲರೇಟರ್ ಒತ್ತಿದ್ರೂ ಆಮೆ ಥರ ತೆವಳಿದ್ರೆ, ಇಲ್ಲಾ ‘ಹೈಬ್ರಿಡ್ ಸಿಸ್ಟಂ ಪರೀಕ್ಷಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ’ ಅನ್ನೋ ಅರ್ಥದ ಕೆಂಪು ಸಂದೇಶ ಬಂದ್ರೆ ಮುಂದೆ ಓಡಿಸಬೇಡಿ. ಸ್ಕ್ಯಾನರಲ್ಲಿ ಪಿ0ಎಎ6 ಅಂತ ಕೋಡ್ ಬಂದ್ರೆ ಹೈ ವೋಲ್ಟೇಜ್ ಎಲ್ಲೋ ಬಾಡಿಗೆ ಸೋರ್ತಿದೆ ಅಂತ. ಅದು ಬ್ಯಾಟರಿಯಲ್ಲಿರಬಹುದು, ಎಸಿ ಕಂಪ್ರೆಸರಲ್ಲಿರಬಹುದು, ಗೇರ್‌ಬಾಕ್ಸ್ ಒಳಗಿನ ಮೋಟರ್ ಸುತ್ತಿನಲ್ಲೂ ಇರಬಹುದು. ಒಂದೊಂದೇ ಭಾಗ ಬೇರ್ಪಡಿಸಿ ಅಳೆಯದೆ ಯಾವುದನ್ನೂ ಬದಲಿಸೋಕೆ ಒಪ್ಪಬೇಡಿ. ಪಿ0ಎ80 ಬಂದ್ರೆ ಬೆರಳು ತೋರಿಸ್ತಿರೋದು ಬ್ಯಾಟರಿ ಕಡೆ, ಗೇರ್‌ಬಾಕ್ಸ್ ಕಡೆ ಅಲ್ಲ.

ಕಂಪನಿಯ ತಪ್ಪೂ ಇರಬಹುದು ಅನ್ನೋದು ಮರೀಬೇಡಿ. 2014ರ ಫೆಬ್ರವರಿಯಲ್ಲಿ ಟೊಯೋಟಾ ಜಗತ್ತಿನಾದ್ಯಂತ ಸುಮಾರು 19 ಲಕ್ಷ ಪ್ರಿಯಸ್ ಕಾರುಗಳನ್ನ ವಾಪಸ್ ಕರೆಸಿತ್ತು. ಇನ್ವರ್ಟರ್ ನಿಯಂತ್ರಿಸೋ ಸಾಫ್ಟ್‌ವೇರ್‌ನಿಂದ ಟ್ರಾನ್ಸಿಸ್ಟರ್ ಬಿಸಿಯಾಗಿ ಗಾಡಿ ಓಡ್ತಾ ಓಡ್ತಾ ಶಕ್ತಿ ಕಳ್ಕೊಳ್ಳೋ ಸಾಧ್ಯತೆ ಇತ್ತು. ಓಡಿಸೋರಿಗೆ ಅದೂ ‘ಗೇರ್‌ಬಾಕ್ಸ್ ಹೋದಂಗೇ’ ಅನ್ನಿಸಿರುತ್ತೆ. ಹಾಗಾಗಿ ದುಡ್ಡು ಕಟ್ಟೋ ಮುಂಚೆ ನಿಮ್ಮ ಚಾಸಿ ನಂಬರ್ ಕೊಟ್ಟು, ಯಾವುದಾದ್ರೂ ರೀಕಾಲ್ ಅಥವಾ ಸಾಫ್ಟ್‌ವೇರ್ ಅಪ್‌ಡೇಟ್ ಬಾಕಿ ಇದೆಯಾ ಅಂತ ಕೇಳಿ.

ರಸ್ತೆಯಲ್ಲಿ ನಿಂತು ಹೋದ್ರೆ

ಎಡಕ್ಕೆ ತಗೊಂಡು ಪಿ-ಗೆ ಹಾಕಿ, ಹಜಾರ್ಡ್ ದೀಪ ಹಾಕಿ. ಡಿಸ್‌ಪ್ಲೇ ಆಫ್ ಮಾಡೋ ಮುಂಚೆ ಮೊಬೈಲಲ್ಲಿ ಫೋಟೋ ತೆಗೀರಿ. ಆಮೇಲೆ ಆ ಸಂದೇಶ ಮಾಯ ಆದ್ರೆ ಸರ್ವೀಸ್ ಸೆಂಟರಲ್ಲಿ ‘ನಮಗೇನೂ ಕಾಣ್ತಿಲ್ಲ ಸಾರ್’ ಅಂತಾರೆ. ಎಷ್ಟು ಸ್ಪೀಡಲ್ಲಿ ಇದ್ರಿ, ಏರಾ ಇಳಿಜಾರಾ, ಎಸಿ ಇತ್ತಾ, ಪೆಟ್ರೋಲ್ ಎಷ್ಟಿತ್ತು ಅಂತ ಒಂದು ವಾಯ್ಸ್ ನೋಟ್ ಮಾಡಿಟ್ಕೊಳ್ಳಿ. ಆಮೇಲೆ ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು ಒಂದೇ ಒಂದು ಸಲ ಮತ್ತೆ ಆನ್ ಮಾಡಿ. ಕೆಂಪು ಸಂದೇಶ ಮತ್ತೆ ಬಂದ್ರೆ ಅಲ್ಲಿಗೆ ಬಿಡಿ. ತಳ್ಳಿ ಸ್ಟಾರ್ಟ್ ಮಾಡೋಕೆ ಇದು ಓಮ್ನಿ ಅಲ್ಲ.

ಬೆಂಗಳೂರು ಹೈವೇಯಲ್ಲಿ ನಿಂತ್ರೆ ಜನ ಗಾಡಿಯೊಳಗೆ ಕೂರೋದು ಬೇಡ. ಇಳಿದು ತಡೆಗೋಡೆಯ ಆಚೆ ನಿಲ್ಲಿ, ತ್ರಿಕೋನ ಹಿಂದೆ ದೂರಕ್ಕೆ ಇಡಿ, 1033ಕ್ಕೆ ಫೋನ್ ಮಾಡಿ. ಬಂಡೀಪುರದೊಳಗೆ ನಿಂತ್ರೆ ಇದರ ಉಲ್ಟಾ: ಗಾಡಿಯಿಂದ ಇಳೀಲೇಬೇಡಿ. ಗುಂಡ್ಲುಪೇಟೆಯಿಂದ ಊಟಿ, ವಯನಾಡು ಕಡೆ ಹೋಗೋ ಎರಡೂ ಕಾಡು ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಹಾಗಾಗಿ ಡಿಸ್‌ಪ್ಲೇನಲ್ಲಿ ಹಳದಿ ಎಚ್ಚರಿಕೆ ಇದ್ರೂ ‘ಊಟಿ ಮುಟ್ಟಿದ ಮೇಲೆ ನೋಡೋಣ’ ಅಂತ ಸಂಜೆ ಹೊತ್ತು ಗುಂಡ್ಲುಪೇಟೆ ದಾಟಬೇಡಿ. ಕಷ್ಟಕ್ಕೆ ಸಿಕ್ಕಿಕೊಂಡ್ರೆ 112.

ಎಳೆದು ತರೋ ವಿಷಯದಲ್ಲೇ ಜಾಸ್ತಿ ಜನ ಮೋಸ ಹೋಗೋದು. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಮುಂದಿನ ಚಕ್ರ ತಿರುಗಿದ್ರೆ ಒಳಗಿನ ಮೋಟರೂ ತಿರುಗುತ್ತೆ. ಹಗ್ಗ ಕಟ್ಟಿ ಎಳೆದ್ರೆ, ಇಲ್ಲಾ ಹಿಂದಿನ ಚಕ್ರ ಎತ್ತಿ ಮುಂದಿನ ಚಕ್ರ ನೆಲದ ಮೇಲೆ ಬಿಟ್ಟು ತಂದ್ರೆ ಚೆನ್ನಾಗಿದ್ದ ಡಬ್ಬವೂ ಹಾಳಾಗಬಹುದು. ‘ಪೂರ್ತಿ ಗಾಡಿ ಮೇಲೆ ಹತ್ತಿಸೋ ಫ್ಲಾಟ್‌ಬೆಡ್ಡೇ ಕಳಿಸಿ’ ಅಂತ ಫೋನಲ್ಲೇ ಹೇಳಿ. ಫೋರ್ ವೀಲ್ ಡ್ರೈವ್ ಇದ್ರಂತೂ ಅದು ಬಿಟ್ಟು ಬೇರೆ ಮಾತೇ ಬೇಡ.

ಬಾನೆಟ್ ಒಳಗೆ ಕಿತ್ತಳೆ ಬಣ್ಣದ ವೈರ್ ಕಂಡ್ರೆ ಕೈ ಹಾಕಬೇಡಿ. ಅದರಲ್ಲಿ ಮನೆ ಕರೆಂಟಿಗಿಂತ ಜಾಸ್ತಿ ವೋಲ್ಟೇಜ್ ಇರುತ್ತೆ. ಗೊತ್ತಿರೋ ಟೆಕ್ನೀಶಿಯನ್ ಕೂಡ ಸರ್ವೀಸ್ ಪ್ಲಗ್ ತೆಗೆದು, ಹತ್ತು ನಿಮಿಷ ಕಾದು, ರಬ್ಬರ್ ಗ್ಲೌಸ್ ಹಾಕ್ಕೊಂಡೇ ಮುಟ್ಟೋದು. ಹಂಗೆ ಮಾಡದೆ ನೇರವಾಗಿ ಸ್ಪ್ಯಾನರ್ ಹಾಕೋನ ಹತ್ರ ಗಾಡಿ ಬಿಡಬೇಡಿ, ಅವನ ಜೀವಕ್ಕೂ ಒಳ್ಳೇದಲ್ಲ. ಆಯಿಲ್ ವಿಷಯದಲ್ಲೂ ಅಷ್ಟೇ. ಮ್ಯಾನುಯಲ್ಲಿನಲ್ಲಿ ಬರೆದಿರೋದನ್ನ ಬಿಟ್ಟು ‘ಸಿವಿಟಿ ಆಯಿಲ್ ಅಂದ್ರೆ ಎಲ್ಲಾ ಒಂದೇ’ ಅಂತ ಸುರಿಯೋಕೆ ಬಿಡಬೇಡಿ. ಅದೇ ಆಯಿಲ್ಲಲ್ಲಿ ಮೋಟರ್ ಸುತ್ತುಗಳೂ ಇರ್ತವೆ.

ವಾರಂಟಿ: ಎಂಟು ವರ್ಷ ಯಾವುದಕ್ಕೆ?

ಮಾರುವಾಗ ‘ಎಂಟು ವರ್ಷ ವಾರಂಟಿ’ ಅಂತ ಹೇಳಿರ್ತಾರೆ. ಟೊಯೋಟಾ, ಹೋಂಡಾ ಎರಡೂ ಹೇಳೋ 8 ವರ್ಷ ಅಥವಾ 1,60,000 ಕಿ.ಮೀ. ಹೈಬ್ರಿಡ್ ಬ್ಯಾಟರಿಗೆ. ಗೇರ್‌ಬಾಕ್ಸ್ ಬರೋದು ಗಾಡಿಯ ಮಾಮೂಲಿ ವಾರಂಟಿಯಲ್ಲಿ. ಟೊಯೋಟಾದಲ್ಲಿ ಅದು 3 ವರ್ಷ ಅಥವಾ 1 ಲಕ್ಷ ಕಿ.ಮೀ. ಮಾರುತಿಯಲ್ಲಿ 2024ರ ಜುಲೈಗೆ ಮುಂಚೆ ತಗೊಂಡವರಿಗೆ ಇದ್ದದ್ದು 2 ವರ್ಷ ಅಥವಾ 40,000 ಕಿ.ಮೀ. ಮಾತ್ರ, ಆಮೇಲೆ 3 ವರ್ಷ, 1 ಲಕ್ಷ ಆಯ್ತು. ಎಕ್ಸ್‌ಟೆಂಡೆಡ್ ವಾರಂಟಿ ತಗೊಂಡಿದ್ರೆ ಅದರಲ್ಲಿ ಇನ್ವರ್ಟರ್, ಟ್ರಾನ್ಸ್‌ಆಕ್ಸಲ್ ಇದೆಯಾ, ಹಳದಿ ಬೋರ್ಡಿಗೆ ಬೇರೆ ಷರತ್ತು ಇದೆಯಾ ಅಂತ ಬುಕ್‌ಲೆಟ್ ತೆಗೆದು ಈಗಲೇ ಓದಿ. ಮಾಮೂಲಿ ಇನ್ಶೂರೆನ್ಸ್ ತಾನಾಗೇ ಕೆಟ್ಟ ಭಾಗಕ್ಕೆ ದುಡ್ಡು ಕೊಡಲ್ಲ. ಅಪಘಾತ, ನೀರು ನುಗ್ಗಿದ್ದು ಬೇರೆ ಲೆಕ್ಕ.

ಸಣ್ಣ ಸದ್ದು ಇದ್ರೂ ವಾರಂಟಿ ಮುಗಿಯೋ ಮುಂಚೆ ಸರ್ವೀಸ್ ಸೆಂಟರಲ್ಲಿ ಜಾಬ್ ಕಾರ್ಡಿನಲ್ಲಿ ಬರೆಸಿ. ‘ಬಾಯಲ್ಲಿ ಹೇಳಿದ್ದೆ’ ಅನ್ನೋದು ಎಲ್ಲೂ ನಿಲ್ಲಲ್ಲ. ಕೋಡ್ ಅಳಿಸೋ ಮುಂಚೆ ಪ್ರಿಂಟ್ ಕೇಳಿ. ಅಳಿಸಿದ್ರೆ ತೊಂದರೆ ಆದ ಕ್ಷಣದ ದಾಖಲೆಯೂ ಹೋಗುತ್ತೆ. ಪೂರ್ತಿ ಡಬ್ಬ ಬದಲಿಸಬೇಕು ಅಂದ್ರೆ ಯಾವ ಪರೀಕ್ಷೆ ಮಾಡಿ ಹಾಗೆ ಹೇಳ್ತಿದ್ದೀರಿ ಅಂತ ಬರವಣಿಗೆಯಲ್ಲಿ ಇಸ್ಕೊಳ್ಳಿ. ಅದನ್ನ ತಗೊಂಡು ಇನ್ನೊಂದು ಸರ್ವೀಸ್ ಸೆಂಟರಿಗೆ ಹೋಗೋದು ನಿಮ್ಮ ಹಕ್ಕು.

ಮಾತಲ್ಲಿ ಬಗೆಹರೀದಿದ್ರೆ ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್, ಆಮೇಲೆ ಗ್ರಾಹಕ ಸಹಾಯವಾಣಿ 1915. ಅದೂ ಆಗದಿದ್ರೆ ಮೈಸೂರಿನಲ್ಲೇ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ ಇದೆ. ನೀವು ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಒಳಗಿದ್ರೆ ಇಲ್ಲೇ ದೂರು ಕೊಡಬಹುದು, ತೊಂದರೆ ಆದ 2 ವರ್ಷದೊಳಗೆ. ಬಾಡಿಗೆಗೆ ಓಡಿಸೋ ಗಾಡಿ ಆದ್ರೆ ‘ವ್ಯಾಪಾರದ ಉದ್ದೇಶ’ ಅಂತ ಎದುರಿನವರು ತಕರಾರು ತೆಗೀತಾರೆ. ಸ್ವಂತ ಜೀವನೋಪಾಯಕ್ಕೆ ತಾನೇ ದುಡಿಯೋಕೆ ತಗೊಂಡವರಿಗೆ ಕಾನೂನಿನಲ್ಲಿ ರಿಯಾಯಿತಿ ಇದೆ, ನಾಲ್ಕಾರು ಗಾಡಿ ಇಟ್ಟು ಡ್ರೈವರ್ ಹಾಕಿರೋರು ಮೊದಲು ವಕೀಲರನ್ನ ಕೇಳಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ ಒಂದು ಮಾತು. ಬರೀ ರಿಂಗ್ ರೋಡಲ್ಲಿ ಒಂದು ರೌಂಡ್ ಹಾಕಿ ಟೋಕನ್ ಅಡ್ವಾನ್ಸ್ ಕೊಡಬೇಡಿ. ಬೆಳಗ್ಗೆ ಗಾಡಿ ತಣ್ಣಗಿರುವಾಗ ಹೋಗಿ, ಮೊದಲ ಸಲ ಇಂಜಿನ್ ಶುರು ಆಗೋ ಸದ್ದು ಕೇಳಿ. ಏರಿನಲ್ಲಿ ರಿವರ್ಸ್ ತಗೊಂಡು ನೋಡಿ, ಬೆಟ್ಟ ಹತ್ತಿ ಇಳಿಸಿ ನೋಡಿ. ಸರ್ವೀಸ್ ಹಿಸ್ಟರಿಯಲ್ಲಿ ನೀರಿಗೆ ಸಿಕ್ಕಿದ ಗಾಡಿಯಾ ಅಂತ ಹುಡುಕಿ. ಮಾರೋರು ‘ಸ್ಕ್ಯಾನ್ ಎಲ್ಲಾ ಬೇಡ ಬಿಡಿ’ ಅಂದ್ರೆ ವಾಪಸ್ ಬನ್ನಿ.